ಹೊಸ ಓಎಸ್ ಕೂರದಿದ್ದಾಗ: ಯಾದಗಿರಿ ಜಿಲ್ಲೆಯ ಮನೆಗಳಿಗೊಂದು ಕೈಪಿಡಿ

ಈ ಕೈಪಿಡಿ ಯಾರಿಗೆ

ಯಾದಗಿರಿ, ಶಹಾಪುರ, ಸುರಪುರ ಕಡೆಯ ನಿಮ್ಮ ಮನೆಯ ಪಡಸಾಲೆ ಮೂಲೆಯಲ್ಲಿ ಹತ್ತು ವರ್ಷ ದಾಟಿದ ಕಂಪ್ಯೂಟರೊಂದು ಹಳೇ ಟವೆಲ್ ಹೊದ್ದು ಕೂತಿದೆಯೇ? ರವಿವಾರ ಬಿಡುವಾಗಿರುವ ಅಳಿಯನೊಬ್ಬ ಇದ್ದಾನೆಯೇ? ಎರಡೂ ಇದ್ದರೆ ಈ ಕೈಪಿಡಿ ನಿಮ್ಮದು. ಎರಡರಲ್ಲಿ ಒಂದೇ ಇದ್ದರೆ ಅಪಾಯವಿಲ್ಲ, ಓದುವುದು ಬಿಟ್ಟು ಹೊಲದ ಕಡೆ ಹೋಗಿ ಬನ್ನಿ.

ನಮ್ಮ ಮನೆಯಲ್ಲಿ ಎರಡೂ ಇದ್ದವು. ಯಂತ್ರ 2014ರಲ್ಲಿ, ತಮ್ಮನ ಮದುವೆಯ ವರ್ಷ ಕೊಂಡದ್ದು. ಅಳಿಯ ಸುರಪುರದವನು, ಬಿಸಿಎ ಎರಡನೇ ವರ್ಷ.

ಬೇಕಾಗುವ ಸಾಮಾನು ಮತ್ತು ಜನ

8 ಜಿಬಿಯ ಪೆನ್ ಡ್ರೈವ್ ಒಂದು. ಹಳೆಯ ಫೈಲುಗಳನ್ನು ತೆಗೆದಿಡಲು ಇನ್ನೊಂದು. ಬ್ಯಾಟರಿಯಲ್ಲಿ ಇನ್ನೂ ಜೀವವಿರುವ ಯುಪಿಎಸ್ ಒಂದು. (ಟೇಬಲ್ ಫ್ಯಾನಿಗೆ ಪೀಠವಾಗಿರುವ ಯುಪಿಎಸ್ ಲೆಕ್ಕಕ್ಕಿಲ್ಲ.) ಅರ್ಧ ಕೆಲಸ ಆದಾಗ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಜನ: ಒಬ್ಬರು ಸಾಕು. ಆರು ಮಂದಿ ಸೇರುತ್ತಾರೆ. ಅವರಲ್ಲಿ ಒಬ್ಬನಿಗೆ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡಬೇಕು. ಇದು ನಮ್ಮ ಕಡೆಗೆ ಹೊಸದೇನಲ್ಲ. ಸುರಪುರದ ಅರಸು ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಉಸ್ತುವಾರಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಕೈಯಲ್ಲಿತ್ತು. ಅರಸು ಪ್ರಾಯಕ್ಕೆ ಬಂದ ಮೇಲೆ, 1853ರಲ್ಲಿ, ಟೇಲರ್ ಅದನ್ನು ಒಪ್ಪಿಸಿ ಹೊರಟ. ಕಂಪ್ಯೂಟರಿನ ಮಟ್ಟಿಗೆ ನಾನೂ ಬಾಲಕನೇ. ಹಕ್ಕು ಅಳಿಯನ ಕೈಗೆ ಹೋಯಿತು, ಇನ್ನೂ ಒಪ್ಪಿಸಿಲ್ಲ.

ದೋಷ 1: ಯಂತ್ರ ಅನರ್ಹ

*ಲಕ್ಷಣ:* ಈ ಕಂಪ್ಯೂಟರಿನಲ್ಲಿ ವಿಂಡೋಸ್ 11 ನಡೆಯುವುದಿಲ್ಲ ಎಂಬ ಬರಹ.

*ಕಾರಣ:* ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರಷ್ಟೇ ಸಾಲದು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಪ್ರೊಸೆಸರೂ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯದು ಇಲ್ಲವೇ ಅದರ ನಂತರದ್ದು. ನಮ್ಮದು ನಾಲ್ಕನೆಯದು.

*ಪರಿಹಾರ:* ಜಗಳಾಡಬೇಡಿ, ಮೇಲ್ಮನವಿಗೆ ಅವಕಾಶವಿಲ್ಲ. "ಲಿನಕ್ಸ್ ಮಿಂಟ್ ಹಾಕೋಣ ಮಾಮಾ, ಪುಕ್ಕಟೆ ಅದ, ಹಳೇ ಮಷೀನಿಗೆ ಹಗುರ ಅದ" ಎಂದ ಅಳಿಯ. ಅದು ನಿಜ. 2 ಜಿಬಿ ರ‍್ಯಾಮಿಗೂ ಕೂರುತ್ತದೆ, 4 ಇದ್ದರೆ ಆರಾಮ. ಪುಕ್ಕಟೆ ಎಂಬ ಶಬ್ದ ಕೇಳಿ ಆರು ಮಂದಿಯೂ ತಲೆಯಾಡಿಸಿದರು.

ದೋಷ 2: ಪೆನ್ ಡ್ರೈವ್ ಹಾಕಿದರೂ ಹಳೇ ವಿಂಡೋಸೇ ಬರುತ್ತದೆ

*ಕಾರಣ:* ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಹಾಡು ತುಂಬಿಸಿದ ಹಾಗೆ ಪೆನ್ ಡ್ರೈವಿಗೆ ಕಾಪಿ ಮಾಡಿದ್ದೀರಿ. ಜೋಳದ ಚೀಲವನ್ನು ತಾಟಿನ ಮುಂದೆ ತಂದಿಟ್ಟರೆ ರೊಟ್ಟಿ ಆಗುವುದಿಲ್ಲ.

*ಪರಿಹಾರ:* ರೂಫಸ್‌ನಂಥ ತಂತ್ರಾಂಶದಿಂದ ಪೆನ್ ಡ್ರೈವನ್ನು ಬೂಟ್ ಆಗುವ ಹಾಗೆ ಬರೆಯಿರಿ. ಯಂತ್ರ ಚಾಲೂ ಆಗುವಾಗ ಬೂಟ್ ಮೆನು ಕರೆಯುವ ಕೀಲಿ ಒತ್ತಿ. ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಎರಡು ಸೆಕೆಂಡಿನ ಕೆಲಸ. ನಮ್ಮಲ್ಲಿ ಮೂವರು ಮೂರು ಕೀಲಿ ಒತ್ತಿದ್ದರಿಂದ ಮುಕ್ಕಾಲು ತಾಸು ಹಿಡಿಯಿತು.

ದೋಷ 3: ಅರ್ಧಕ್ಕೆ ನಿಂತಿದೆ, ಅಲುಗಾಡುತ್ತಿಲ್ಲ

*ಪರಿಹಾರ:* ಶಹಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬುದ್ಧ ಮಲಗಿದ ಬೆಟ್ಟ ನೋಡಿದ್ದೀರಲ್ಲ? ಮಲಗಿದವನನ್ನು ಎಬ್ಬಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಇಲ್ಲೂ ಹಾಗೇ ಇರಿ. ಡಬ್ಬಿಯ ಮುಂದಿನ ಕೆಂಪು ದೀಪ ಮಿಣುಕುತ್ತಿದ್ದರೆ ಹಾರ್ಡ್ ಡಿಸ್ಕ್ ದುಡಿಯುತ್ತಿದೆ ಎಂದರ್ಥ. ಚಹಾ ಕುಡಿದು ಬನ್ನಿ. ದೀಪ ಅರ್ಧ ತಾಸು ಸುಮ್ಮನಿದ್ದರೆ ಮಾತ್ರ ಚಿಂತೆ ಮಾಡಿ. ಪವರ್ ಬಟನ್ ಹತ್ತಿರ ನಿಂತಿರುವ ಕಾಕಾನನ್ನು ಅಲ್ಲಿಂದ ಕರೆದೊಯ್ಯಿರಿ.

ದೋಷ 4: ಕೊನೇ ಹೆಜ್ಜೆಯಲ್ಲಿ ಮಾರಕ ತಪ್ಪು

*ಲಕ್ಷಣ:* ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ, ಗ್ರಬ್ ಹಾಕಲು ಆಗಲಿಲ್ಲ, ಇದು ಮಾರಕ ತಪ್ಪು ಎಂಬ ಚೌಕಟ್ಟು. ಆಮೇಲೆ ಬರೀ ಕಪ್ಪು ಪರದೆ.

*ಕಾರಣ:* ಗ್ರಬ್ ಎಂದರೆ ತಲೆಬಾಗಿಲ ಕಾವಲುಗಾರ. ಯಂತ್ರ ಎದ್ದಾಗ ಓಎಸ್ ಇಂಥಲ್ಲಿದೆ ಎಂದು ಕೈತೋರಿಸುವವನು. ಅವನು ಕೂರದಿದ್ದರೆ ಮನೆಯಿದ್ದೂ ಬಾಗಿಲಿಲ್ಲ.

ಹತ್ತಿರ ಹೋಗಿ ನೋಡಿ. ಬೂಟ್ ಮೆನುವಿನಲ್ಲಿ ನಿಮ್ಮ ಒಂದೇ ಪೆನ್ ಡ್ರೈವ್ ಎರಡು ಸಾಲಿನಲ್ಲಿ ಕಾಣುತ್ತದೆ: ಒಂದರ ಹಿಂದೆ ಯುಇಎಫ್ಐ ಎಂದಿದೆ, ಇನ್ನೊಂದರ ಹಿಂದೆ ಏನೂ ಇಲ್ಲ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಹೆಸರಿದ್ದ ರೈತನ ಹಾಗೆ. ಮನುಷ್ಯ ಒಬ್ಬನೇ, ಆದರೆ ತಪ್ಪು ಹೆಸರಿನಲ್ಲಿ ಅರ್ಜಿ ಹಾಕಿದರೆ ಕೊನೇ ಟೇಬಲ್ಲಿನಲ್ಲಿ ಫೈಲು ತಿರುಗಿ ಬರುತ್ತದೆ. ನಮ್ಮ ಡಿಸ್ಕಿನ ಪೋಡಿ ಆಗಿದ್ದು ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ, ಅದಕ್ಕೆ ಯುಇಎಫ್ಐ ಸಾಲೇ ಆಗಬೇಕು. ಅಳಿಯ ಕೆಳಗಿನ ಸಾಲು ಒತ್ತಿದ್ದ.

*ಪರಿಹಾರ:* ಸರಿಯಾದ ಸಾಲಿನಿಂದ ಬೂಟ್ ಮಾಡಿ ಮತ್ತೊಮ್ಮೆ ಹಾಕಿ. ಇದು ಗೊತ್ತಾಗಲು ನಮಗೆ ಒಂದು ವಾರ ಬೇಕಾಯಿತು. ರವಿವಾರ ಸಂಜೆ ಅಳಿಯ, "ನಾಳೆ ಇಂಟರ್ನಲ್ ಅದ ಮಾಮಾ, ಮುಂದಿನ ವಾರ ಬಂದು ನೋಡ್ತೀನ್ರಿ" ಎಂದು ಸುರಪುರದ ಬಸ್ಸು ಹತ್ತಿದ.

ಅವನು ಅತ್ತ ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವ ಕೇಳಿದಳು: "ಅದರಾಗ ಮುಯ್ಯಿ ಪಟ್ಟಿ ಇತ್ತಲ್ಲೋ, ಎಲ್ಲದ?"

ಬೆಳಗಿನಿಂದ ಪ್ರೊಸೆಸರು, ಟಿಪಿಎಂ, ಗ್ರಬ್ಬು ಎಂದು ಆರು ಮಂದಿ ಮಾತಾಡಿದ್ದೆವು. ಡಬ್ಬಿಯೊಳಗೆ ಏನಿದೆ ಎಂದು ಮೊದಲು ಕೇಳಿದವಳು ಅವಳು. ಓಎಸ್ ಹತ್ತು ಸಲ ಹೋದರೆ ಹತ್ತು ಸಲ ತಂದು ಹಾಕಬಹುದು. 2014ರಲ್ಲಿ ತಮ್ಮನ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬ 312 ಸಾಲುಗಳ ಪಟ್ಟಿಯನ್ನು ಯಾವ ಕಂಪನಿಯೂ ಡೌನ್‌ಲೋಡಿಗೆ ಇಟ್ಟಿಲ್ಲ. ಬರುವ ಬುಧವಾರ ಶಹಾಪುರದಲ್ಲಿ ಒಂದು ಮದುವೆ ಇತ್ತು. ಅವರು ನಮಗೆಷ್ಟು ಮಾಡಿದ್ದರೋ ಅದಕ್ಕೆ ಕಡಿಮೆಯಾಗದ ಹಾಗೆ ನಾವು ಮಾಡಬೇಕು.

ಎಲ್ಲ ದೋಷಗಳಿಗೂ ಮೊದಲು ಮಾಡಬೇಕಾದದ್ದು

ಕೈಪಿಡಿಯ ಆರಂಭದಲ್ಲೇ ಬರಬೇಕಿದ್ದ ಮಾತು ಇದು. ನಮಗೆ ಗೊತ್ತಾದ ಕ್ರಮದಲ್ಲೇ ಬರೆದಿದ್ದೇನೆ.

ಲಿನಕ್ಸ್ ಮಿಂಟ್ ಪೆನ್ ಡ್ರೈವಿನಿಂದ ಎದ್ದ ಕೂಡಲೇ ಡಿಸ್ಕನ್ನು ಮುಟ್ಟುವುದಿಲ್ಲ. ಬಾಡಿಗೆ ಮನೆಗೆ ಬಂದವರಂತೆ ರ‍್ಯಾಮಿನಲ್ಲಿ ಕೂತು ಪೂರ್ತಿ ಪರದೆ ತೋರಿಸುತ್ತದೆ. 'ಇನ್‌ಸ್ಟಾಲ್' ಚಿತ್ರ ಒತ್ತುವವರೆಗೆ ನಿಮ್ಮ ಹಳೇ ಫೈಲುಗಳು ಇದ್ದಲ್ಲೇ ಇರುತ್ತವೆ. ಆಗಲೇ ಡಿ ಡ್ರೈವ್ ತೆರೆದು, ಬೇಕಾದದ್ದನ್ನೆಲ್ಲ ಇನ್ನೊಂದು ಪೆನ್ ಡ್ರೈವಿಗೆ ತೆಗೆದಿಡಿ. ಓಎಸ್ ಸತ್ತ ಯಂತ್ರದಿಂದಲೂ ಹೀಗೇ ಫೈಲು ಎತ್ತಬಹುದು. ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಅಳಿಸಿ ಹಾಕು' ಎಂಬ ಆಯ್ಕೆ ಬಂದರೆ ಅದು ಸಿ ಡ್ರೈವನ್ನಷ್ಟೇ ಅಲ್ಲ, ಇಡೀ ಡಿಸ್ಕನ್ನೇ ಅಳಿಸುತ್ತದೆ ಎಂಬುದು ನೆನಪಿರಲಿ. ಅಳಿಯನ ಪುಣ್ಯ, ಅವನು ಸಿ ಒಂದನ್ನೇ ತೆಗೆದಿದ್ದ.

ಮಂಗಳವಾರ ರಾತ್ರಿ ಅವನು ಫೋನಿನಲ್ಲಿ ಹೇಳಿದ: "ಪೆನ್ ಡ್ರೈವ್ ಹಾಕಿ ಚಾಲೂ ಮಾಡ್ರಿ ಮಾಮಾ. ಇನ್‌ಸ್ಟಾಲ್ ಮಾತ್ರ ಒತ್ತಬ್ಯಾಡ್ರಿ." ಡಿ ಡ್ರೈವ್ ತೆರೆಯಿತು. ಪಟ್ಟಿ ಇತ್ತು. ಮನೆಮಂದಿಯೆಲ್ಲ ಕುರ್ಚಿ ಎಳೆದುಕೊಂಡರು.

ದೋಷ 5: ರೊಕ್ಕ ಕಾಣುತ್ತದೆ, ಕೊಟ್ಟವರು ಕಾಣುವುದಿಲ್ಲ

*ಲಕ್ಷಣ:* ಬಲಗಡೆ ಅಂಕಿಗಳು ಸ್ಪಷ್ಟ: 251, 501, 1001, 101. ಎಡಗಡೆ ಹೆಸರುಗಳಿರಬೇಕಾದ ಕಡೆ ಪೌಂಡಿನ ಗುರುತು, ತಲೆ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ, ಅದರ ಹಿಂದೆ ಮತ್ತೊಂದು ಎ. "ವೈರಸ್ ತಿಂದದ. ಅದೂ ನೋಡ್ರಿ, ರೊಕ್ಕ ಬಿಟ್ಟು ಬರೇ ಮಂದಿನ್ನ ತಿಂದದ" ಎಂದ ಕಾಕಾ.

*ಕಾರಣ:* ಆಗ ಟೈಪ್ ಮಾಡಿದ್ದು ನುಡಿಯಲ್ಲಿ, ಯುನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ. ಆ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ವೇಷ ಹಾಕುವುದು ಫಾಂಟು. 'ಕನ್ನಡ' ಎಂಬ ಶಬ್ದವೇ ಒಳಗೆ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗುತ್ತದೆ. ಸಿ ಡ್ರೈವ್ ಜೊತೆ ಫಾಂಟೂ ಹೋಗಿತ್ತು, ವೇಷ ಕಳಚಿ ಬಿದ್ದಿತ್ತು. ಅಂಕಿಗಳಿಗೆ ವೇಷ ಬೇಕಿಲ್ಲ, ಅವು ಉಳಿದವು.

ಇದು ತಿಳಿದದ್ದು ಗುರುವಾರ. ಮದುವೆ ಬುಧವಾರ.

ಆ ಮಂಗಳವಾರ ರಾತ್ರಿ ಅವ್ವ ಪರದೆಯ ಹತ್ತಿರ ಬಂದು ಬೆರಳಿಟ್ಟಳು. "ಶಹಾಪುರದವ್ರು ಊಟಕ್ಕ ಎಲಿ ಹಾಕೋದ್ರೊಳಗ ಬಂದಿದ್ರು. ಮ್ಯಾಲಿಂದ ನಲವತ್ತರ ಸುಮಾರಿಗೆ ಇರಬೇಕು." ಎಣಿಸಿದೆವು. 38ನೇ ಸಾಲು 501. 39ನೇದು 1001. 40ನೇದು 501. ಅವಳ ಬೆರಳು ನಡುವೆ ನಿಂತಿತು. "ಇದಾ." ಮರುದಿನ ಭೀಮಾ ನದಿ ದಾಟಿ ಹೋಗಿ 1001 ರೂಪಾಯಿ ಮುಯ್ಯಿ ಮಾಡಿ, ಹೋಳಿಗೆ ಉಂಡು ಬಂದೆವು.

*ಪರಿಹಾರ:* ಗುರುವಾರ ಡಿಟಿಪಿ ಅಂಗಡಿಯವನಿಗೆ ತೋರಿಸಿದಾಗ ಆತ ಕತ್ತೆತ್ತಿಯೂ ನೋಡಲಿಲ್ಲ. "ಫಾಂಟ್ ಇಲ್ರಿ, ಅಷ್ಟೇ." ಅವನ ಯಂತ್ರದಲ್ಲಿ ಫೈಲು ತೆರೆದ ಕೂಡಲೇ 312 ಮಂದಿ ಮುಯ್ಯಿಗೆ ಸಾಲುಗಟ್ಟಿ ನಿಂತವರಂತೆ ಎದ್ದು ಬಂದರು. 39ನೇದು ಗುರುಮಠಕಲ್ ಕಡೆಯ ದೂರದ ಬೀಗರು. ಶಹಾಪುರದವರದು ನಲವತ್ತನೇ ಸಾಲು: 501.

ಖಾತರಿ ಮತ್ತು ಖರ್ಚು

ಈ ಕೈಪಿಡಿಗೆ ಯಾವ ಖಾತರಿಯೂ ಇಲ್ಲ. ಪುಕ್ಕಟೆ ಓಎಸ್ ಹಾಕುವ ಒಟ್ಟು ಖರ್ಚು ಐನೂರು ರೂಪಾಯಿ ಎಂದು ಲೆಕ್ಕ ಬರೆದು ಅವ್ವನಿಗೆ ತೋರಿಸಿದೆ.

"ಯಾವ ಖರ್ಚು?" ಎಂದಳು ಅವಳು, ಸೇಂಗಾ ಬಿಡಿಸುತ್ತ. "ಹನ್ನೊಂದು ವರ್ಷದ ಹಿಂದಿಂದು 501. ಈಗ ಅದು 1001 ಆಗಂಗಿಲ್ಲೇನು? ಪಟ್ಟಿ ಓದಾಕ ಬಂದಿದ್ರ 501 ಮಾಡಿ ಮರ್ಯಾದಿ ಕಳ್ಕೊಂಡು ಬರ್ತಿದ್ವಿ."

ಮುಂದಿನ ರವಿವಾರ ಅಳಿಯ ಬಂದು ಮೇಲಿನ ಸಾಲು ಒತ್ತಿದ, ಗ್ರಬ್ ಕೂತಿತು. ಪಟ್ಟಿಯನ್ನೆಲ್ಲ ಯುನಿಕೋಡಿಗೆ ಬದಲಿಸಿಕೊಂಡೆವು. ನಲವತ್ತನೇ ಸಾಲಿನ ಮುಂದೆ ಹೊಸ ಕಾಲಂ ಎಳೆದು 'ನಾವು ಮಾಡಿದ್ದು 1001' ಎಂದು ಸೇರಿಸಿದೆ. ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟೂ ತೆಗೆಸಿದೆ. ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ, ಹೊಲದ ಪಹಣಿಯ ಕೆಳಗೆ ಇಟ್ಟಿದ್ದಾಳೆ.