ಇಪ್ಪತ್ತೆರಡನೇ ವಚನದ ಗಂಡಂದಿರು

ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಭಾನುವಾರದ ಪೂಜೆ ಮುಗಿಸಿ ಭದ್ರಾವತಿ ಬಸ್ ಹತ್ತಿದೆ. ಮುಂದಿನ ಸೀಟಿನಲ್ಲಿ ಕೆನ್ನೆ ಊದಿದ ಹುಡುಗಿ. ಪಕ್ಕದಲ್ಲಿ ಒಬ್ಬರು ಆಂಟಿ. ಬಸ್ ಊರು ದಾಟುವಷ್ಟರಲ್ಲಿ ತೀರ್ಪು ಹೊರಬಿತ್ತು: "ಶಿಲುಬೆ ಅಂದ್ಕೊಂಡು ಹೊತ್ಕೋ ಮಗಳೇ."

ಯೇಸು ಬಡಗಿಯ ಮಗ, ಸರಿ. ಆದರೆ ಅವನು ಯಾರ ಹೆಂಡತಿಯ ಬೆನ್ನಿಗೂ ಅಳತೆ ತೆಗೆದು ಶಿಲುಬೆ ಕೆತ್ತಿಕೊಟ್ಟ ಸುದ್ದಿ ನಾಲ್ಕು ಸುವಾರ್ತೆಗಳಲ್ಲೂ ಇಲ್ಲ.

ನಮ್ಮ ಗಂಡಸರಿಗೆ ಪೌಲನು ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ, 22ನೇ ವಚನ ಬಾಯಿಪಾಠ: ಹೆಂಡತಿ ಅಧೀನಳಾಗಿರಬೇಕು. ಅದರ ಹಿಂದಿನ ವಚನ ಒಬ್ಬರಿಗೊಬ್ಬರು ಅಧೀನರಾಗಿರಬೇಕೆನ್ನುತ್ತದೆ. 25ನೆಯದು, ಕ್ರಿಸ್ತ ಪ್ರಾಣ ಕೊಟ್ಟಂತೆ ಹೆಂಡತಿಯನ್ನು ಪ್ರೀತಿಸೆಂದು ಗಂಡನಿಗೇ ತಾಕೀತು ಮಾಡುತ್ತದೆ. ಆ ಎರಡು ಸಾಲಿನ ಮೇಲೆ ಮಾತ್ರ ಮನೆಮನೆಯಲ್ಲೂ ಮೇಣದಬತ್ತಿ ತೊಟ್ಟಿಕ್ಕಿರಬೇಕು.

ಮದುವೆಗೆ ಮುಂಚೆ ಗುಡಿಯಲ್ಲಿ ಮೂರು ಸಲ ಪ್ರಕಟಣೆ ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಊರನ್ನೆಲ್ಲ ಕೇಳುತ್ತಾರೆ. ಮದುವೆಯಾದ ಮೇಲೆ ಆಕ್ಷೇಪಣೆ ಇರುವವಳು ಒಬ್ಬಳೇ; ಅವಳನ್ನು ಬಿಟ್ಟು ಎಲ್ಲರನ್ನೂ ಕೇಳುತ್ತಾರೆ.

ಬ್ರಿಟಿಷರದ್ದೂ ಇದೇ ನ್ಯಾಯ. ಅವರು ಮಾಡಿಟ್ಟ 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಯೋ, ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಬರೀ ಹೊಡೆಯುವವನು ಕಾನೂನಿನ ಕಣ್ಣಿಗೆ ಅರ್ಧ ಸಜ್ಜನ! 2001ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಆಂಟಿಯರಿಗೆ ತಿದ್ದುಪಡಿ ತರುವ ಸಂಸತ್ತು ಇನ್ನೂ ಸೇರಿಲ್ಲ.

ಶ್ರೀಸಭೆಯ ಕಾನೂನನ್ನಾದರೂ ಆಂಟಿ ನಂಬಬಹುದಿತ್ತು. ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಬಹುದೆಂದು 1153ನೇ ನಿಯಮವೇ ಹೇಳುತ್ತದೆ. ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೂ ಹೌದೆಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದರು. ಆದರೇನು, ರೋಮ್ ದೂರ, ಅತ್ತೆಮನೆ ಹತ್ತಿರ.

ಅಷ್ಟರಲ್ಲಿ ಭದ್ರಾವತಿ ಬಂತು. ಕಬ್ಬಿಣದ ಕಾರ್ಖಾನೆ ಇರುವ ಊರೆಂದರೆ ಆಂಟಿಗೆ ಹೋಲಿಕೆ ಹುಡುಕುವ ಕಷ್ಟವೂ ಇಲ್ಲ. "ನೋಡು, ಕುಲುಮೇಲಿ ಬೆಂದ್ರೇನೇ ಕಬ್ಬಿಣ ಉಕ್ಕಾಗೋದು."

ಹುಡುಗಿ ಮೊದಲ ಸಲ ಬಾಯಿಬಿಟ್ಟಳು. "ನಮ್ಮಪ್ಪ ಅದೇ ಕುಲುಮೆ ಮುಂದೆ ಕೆಲಸ ಮಾಡಿದ್ದು ಆಂಟಿ. ಅವ್ರಿಗೆ ಹೆಲ್ಮೆಟ್ ಕೊಡ್ತಿದ್ರು. ಎಂಟು ಗಂಟೆ ಆದ್ಮೇಲೆ ಶಿಫ್ಟೂ ಮುಗೀತಿತ್ತು."