ಹುಳು ಒಪ್ಪಿದ ಸೊಪ್ಪು

ಶಿಡ್ಲಘಟ್ಟದವರಿಗೆ ಸೊಪ್ಪಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಕೂತರೆ ಸಾಕು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಬಂದ ರೇಷ್ಮೆ ಹುಳು ತಟ್ಟೆಯಲ್ಲೇ ಮಲಗಿಬಿಡುತ್ತದೆ. ನಮ್ಮಲ್ಲಿ ಪ್ರಯೋಗಾಲಯದ ವರದಿಗಿಂತ ಹುಳುವಿನ ತೀರ್ಪು ಬೇಗ ಬರುತ್ತದೆ. ಇಂಥ ಊರಿನಲ್ಲಿ ಕೂತು ನನಗೆ ಊಲಾಂಗ್ ಟೀಯ ಹುಚ್ಚು ಹಿಡಿಯಿತು.

ಇದು ಗ್ರೀನ್ ಟೀಗೂ ನಮ್ಮ ಮಾಮೂಲಿ ಟೀಗೂ ನಡುವಿನದು. ಎಲೆ ಬಾಡಿಸಿ, ಅಲುಗಾಡಿಸಿ, ಅಂಚು ನಲುಗಿಸಿ, ಅರ್ಧಂಬರ್ಧ ಕೆಂಪಾಗುವಷ್ಟರಲ್ಲಿ ಬಿಸಿ ಕೊಟ್ಟು ನಿಲ್ಲಿಸುತ್ತಾರೆ. ಚೀನಾದ ಫುಜಿಯನ್, ತೈವಾನ್ ಇದಕ್ಕೆ ಹೆಸರುವಾಸಿ. ಡಾರ್ಜಿಲಿಂಗ್, ನೀಲಗಿರಿಯ ಕೆಲವು ತೋಟಗಳೂ ಮಾಡುತ್ತವೆ.

ಹುಡುಕಿಕೊಂಡು ಹೊರಟರೆ, ಚಿಕ್ಕಬಳ್ಳಾಪುರದ ಅಂಗಡಿಯವರು "ಗ್ರೀನ್ ಟೀನೇ ಸಾರ್, ಹೆಸರು ಬೇರೆ ಅಷ್ಟೇ" ಎಂದರು. ಚಿಂತಾಮಣಿಯಲ್ಲಿ "ಊಟಿದಾ? ಇದೆ, ಎಷ್ಟು ಕೊಡ್ಲಿ?" ಎಂದು ತಕ್ಕಡಿಗೆ ಕೈ ಹಾಕಿದರು. ಗೌರಿಬಿದನೂರಿನ ಹತ್ತಿರವಿರುವ ರೇಡಿಯೋ ದೂರದರ್ಶಕಗಳಿಗೆ ಸೂರ್ಯನ ಪಿಸುಮಾತೂ ಸಿಗುತ್ತದಂತೆ. ಊಲಾಂಗ್ ಮಾತ್ರ ಅಲ್ಲೂ ಸಿಗಲಿಲ್ಲ.

ಆಗ ಬೆಂಗಳೂರಿನಿಂದ ತಂಗಿಯ ಮಗ ಒಂದು ಡಬ್ಬ ತಂದ. ಮೇಲೆ ಧ್ಯಾನಸ್ಥ ಬುದ್ಧ. ಸಾವಯವ, ಕೈಯಲ್ಲೇ ಕಿತ್ತದ್ದು, ತೈವಾನಿನದು, ಕೂಲಿಯವರಿಗೆ ನ್ಯಾಯ ಒದಗಿಸಿದ್ದು. "ಕೆ.ಜಿ.ಗೆ ಬರೀ ನಾನೂರು ರೂಪಾಯಿ ಮಾವ!"

ಗೂಡಿನಿಂದ ನೂಲು ತೆಗೆಯುವ ಪಕ್ಕದ ಮನೆಯ ರೀಲರ್ ಭಾಯಿ ಡಬ್ಬವನ್ನು ಕಿವಿ ಹತ್ತಿರ ಹಿಡಿದು ಗೂಡು ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದರು. "ನಮ್ಮಲ್ಲಿ ಒಂದು ಕೆ.ಜಿ. ನೂಲಿಗೆ ಆರೇಳು ಕೆ.ಜಿ. ಗೂಡು ಬೇಕು. ಇದಕ್ಕೆ ಎಷ್ಟು ಹಸಿ ಎಲೆ?"

"ನಾಲ್ಕೈದು ಕೆ.ಜಿ."

"ಕಿತ್ತವರ ಕೂಲಿ, ಸೌದೆ, ಹಡಗು, ಸುಂಕ, ಈ ಬುದ್ಧನ ಬಣ್ಣ, ಎಲ್ಲಾ ಸೇರಿ ನಾನೂರಾ? ಒಂದೋ ಯಾರದೋ ಕೂಲಿ ತಿಂದವ್ರೆ, ಇಲ್ಲಾ ಬೇರೆ ಸೊಪ್ಪು ತುಂಬವ್ರೆ. ಬಿಸಿನೀರಲ್ಲಿ ಗೂಡು ಬೇಯ್ಸೋ ನಾನು ಧರ್ಮ ಮಾತಾಡಬಾರ್ದು ಸಾರ್. ಲೆಕ್ಕ ಕೇಳಬೋದಲ್ಲ?"

ಬಿಸಿನೀರಿಗೆ ಹಾಕಿ ನೋಡಿದೆವು. ಒಳ್ಳೆಯ ಊಲಾಂಗ್ ಆದರೆ ಸುರುಳಿ ಬಿಚ್ಚಿ ಇಡೀ ಎಲೆ ಅರಳಬೇಕು. ನಮ್ಮ ಲೋಟದಲ್ಲಿ ಅರಳಿದ್ದು ಕಡ್ಡಿ ಮತ್ತು ಧೂಳು.

ಕೂಲಿಯ ಮಾತು ಸುಮ್ಮನೆ ಬಂದದ್ದಲ್ಲ. 2015ರಲ್ಲಿ ಮುನ್ನಾರಿನ ಟೀ ತೋಟದ ಹೆಂಗಸರು ಯೂನಿಯನ್ ನಾಯಕರನ್ನೂ ದೂರವಿಟ್ಟು, ಬೋನಸ್ಸು ಕೂಲಿ ಕೇಳಿ ರಸ್ತೆಯಲ್ಲೇ ಕೂತಿದ್ದರು. ಯಾವ ಡಬ್ಬದ ಮೇಲೂ ಆ ಚಿತ್ರ ನಾನು ಕಂಡಿಲ್ಲ. ಇನ್ನು ಊರಿನ ಹೆಸರನ್ನಾದರೂ ನಂಬೋಣವೆಂದರೆ, 2004ರಲ್ಲಿ ದೇಶದ ಮೊದಲ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಪಡೆದ ಡಾರ್ಜಿಲಿಂಗಿನವರೇ ನೇಪಾಳದ ಎಲೆ ತಮ್ಮ ಹೆಸರಲ್ಲಿ ಮಾರಾಟವಾಗುತ್ತಿದೆ ಎಂದು ಗೋಳಾಡುತ್ತಾರೆ. ವಿಯೆಟ್ನಾಮಿನ ಎಲೆ ತೈವಾನಿನದಾಗುವುದೂ ಹಳೆಯ ಕಥೆ.

ಆ ತೈವಾನಿನಲ್ಲೇ ನನ್ನ ಮನಸ್ಸಿಗೆ ಒಪ್ಪಿದ ಟೀ ಒಂದಿದೆ: ಓರಿಯೆಂಟಲ್ ಬ್ಯೂಟಿ. ಹಸಿರು ಜಿಗಿಹುಳು ಎಲೆಯ ರಸ ಹೀರಬೇಕು. ಕಡಿಸಿಕೊಂಡ ಎಲೆ ತನ್ನ ರಕ್ಷಣೆಗೆ ಹೊರಡಿಸುವ ಪರಿಮಳವೇ ಕಡೆಗೆ ಲೋಟದಲ್ಲಿ ಜೇನಿನ ವಾಸನೆಯಾಗುತ್ತದೆ. ಔಷಧಿ ಹೊಡೆದರೆ ಹುಳುವೂ ಇಲ್ಲ, ಪರಿಮಳವೂ ಇಲ್ಲ. ಭಾಯಿಗೆ ಇದನ್ನು ಹೇಳಿದಾಗ, "ಅಲ್ಲೂ ಹುಳಾನೇ ಇನ್‌ಸ್ಪೆಕ್ಟರ್ರಾ?" ಎಂದು ಮೊದಲ ಸಲ ಊಲಾಂಗಿಗೆ ಗೌರವ ಕೊಟ್ಟರು.

ಈಗ ಮಾರುವವರಿಗೆ ಫೋನು ಮಾಡಿದರೆ ನಾನು ಕೇಳುವುದು ಇಷ್ಟೇ: ಯಾವ ತೋಟ, ಯಾವ ತಿಂಗಳ ಕೊಯ್ಲು, ಕೀಳುವವರಿಗೆ ಕೂಲಿ ಎಷ್ಟು, ಇಪ್ಪತ್ತೈದು ಗ್ರಾಂ ಸ್ಯಾಂಪಲ್ ಕೊಡುತ್ತೀರಾ? ಹೆಚ್ಚಿನವರು ಮೊದಲ ಪ್ರಶ್ನೆಗೇ ಹಿಮಾಲಯದ ಮಂಜನ್ನು ವರ್ಣಿಸತೊಡಗುತ್ತಾರೆ. ನೀಲಗಿರಿಯ ಒಬ್ಬರು ಮಾತ್ರ, "ಈ ಸಲ ಮಳೆ ಕೆಡಿಸಿತು, ತಗೋಬೇಡಿ, ಜನವರಿಯಲ್ಲಿ ಫೋನ್ ಮಾಡಿ" ಎಂದರು. ಸರಕು ಇಟ್ಟುಕೊಂಡು ಬೇಡ ಎನ್ನುವ ವ್ಯಾಪಾರಿಯನ್ನು ನಮ್ಮ ಗೂಡಿನ ಮಾರುಕಟ್ಟೆಯಲ್ಲೂ ನಾನು ಕಂಡಿರಲಿಲ್ಲ. ಅವರ ನಂಬರನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ನೀವೂ ಈ ನಾಲ್ಕು ಪ್ರಶ್ನೆ ಕೇಳಿಯೇ ಕೊಳ್ಳಿ. ಆದರೆ ಕೊಂಡ ಮೇಲೆ ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕುದಿಸುವವರಾದರೆ ಇಷ್ಟೆಲ್ಲ ವಿಚಾರಣೆ ದಯವಿಟ್ಟು ಬೇಡ. ನಿಮಗೆ ಚಿಂತಾಮಣಿಯ ಅಂಗಡಿಯೇ ಸರಿ.