ಗಾಜಿನ ಮರ್ಜಿ

ಹಳೇ ಕಾರನ್ನು ಸಿಂಗರಿಸಿ ಇಟ್ಟುಕೊಂಡವರ ಮನೆಗೆ ಬರುವ ನೆಂಟರು ಬಾನೆಟ್ ಎತ್ತಿ ನೋಡುವುದಿಲ್ಲ. ಎಂಜಿನ್ನಿಗೆ ಎಷ್ಟು ಬಿತ್ತು, ಯಾವ ಬೇರಿಂಗಿಗಾಗಿ ಯಾವ ಗುಜರಿ ಅಂಗಡಿ ಅಲೆದಿರಿ ಎಂದು ವಿಚಾರಿಸುವುದೂ ಇಲ್ಲ. ಬಾಗಿಲು ತೆಗೆದು ಒಳಗೆ ಕೂರುತ್ತಾರೆ, ಕೂತವರೇ ಕಿಟಕಿಯ ಹ್ಯಾಂಡಲಿಗೆ ಕೈ ಹಾಕುತ್ತಾರೆ. ಗಾಜು ಅರ್ಧ ದಾರಿಯಲ್ಲಿ ತಡವರಿಸಿತೋ, ಮುಗಿಯಿತು. "ಪರವಾಗಿಲ್ಲ ಬಿಡಿ, ಹಳೇ ಗಾಡಿ ಅಲ್ವಾ" ಎಂದು ಸಮಾಧಾನ ಹೇಳಿ ಕಾಫಿಗೆ ಒಳಗೆ ಹೋಗುತ್ತಾರೆ. ಸುರಿದ ದುಡ್ಡೆಲ್ಲ ಆ ಒಂದು ಸಮಾಧಾನದ ಮಾತಿನಲ್ಲಿ ನೀರುಪಾಲು.

ನಮ್ಮದು 1976ರ ಅಂಬಾಸಿಡರ್ ಮಾರ್ಕ್ 3. ನಮ್ಮದು ಎಂದದ್ದು ಖರ್ಚಿನ ಮಟ್ಟಿಗೆ; ಒಡೆತನ ದೊಡ್ಡಪ್ಪನದು. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲೆಂಡಿನ ಕಾರು ಕಲ್ಕತ್ತೆಯ ಪಕ್ಕದ ಉತ್ತರಪಾಡಾಕ್ಕೆ ಬಂದು, ಹೆಸರು ಬದಲಿಸಿಕೊಂಡು, 2014ರವರೆಗೂ ಹೆಚ್ಚುಕಡಿಮೆ ಅದೇ ಮುಖ ಹೊತ್ತು ಕಾರ್ಖಾನೆಯಿಂದ ಹೊರಬೀಳುತ್ತಲೇ ಇತ್ತು. ದೊಡ್ಡಪ್ಪ ಆ ಕಾರಿನ ಅಭಿಮಾನಿಯಾದದ್ದು ಇದೇ ಕಾರಣಕ್ಕೆ. ಬದಲಾವಣೆ ಅವರಿಗೂ ಆಗದು. ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಕೆಡದ ವಾಹನಗಳಿಗೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮವನ್ನು ಅವರು ಪೇಪರಿನಲ್ಲಿ ಓದಿದರು. ಕಾರಿಗೆ ಐವತ್ತು ತುಂಬುವುದರೊಳಗೆ ಅದನ್ನು ತಯಾರು ಮಾಡುವ ಜವಾಬ್ದಾರಿ, ಮನೆಯಲ್ಲಿ ಸಂಬಳ ತರುವ ಏಕೈಕ ಗಂಡಸಾದ ನನ್ನ ತಲೆಗೆ ಬಂತು.

ಹಿಂದೆ ಮಂತ್ರಿಗಳ, ಡಿಸಿಗಳ ಬಿಳಿ ಅಂಬಾಸಿಡರುಗಳಿಗೆ ಕಿಟಕಿ ತುಂಬ ಪರದೆ ಇರುತ್ತಿತ್ತು. ಪರದೆ ಕಂಡ ಮೇಲೆ ಗಾಜು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಪ್ರಜೆಗಳು ನೋಡುತ್ತಿರಲಿಲ್ಲ. ಪರದೆಯ ಯೋಗವಿಲ್ಲದ ನಮ್ಮ ಕಾರಿನಲ್ಲಿ ಮಾತ್ರ ಗಾಜು ಏರಿಸುವುದು ಇಬ್ಬರ ಕೆಲಸ. ಒಬ್ಬರು ಹ್ಯಾಂಡಲ್ ತಿರುಗಿಸಬೇಕು. ಇನ್ನೊಬ್ಬರು ಗಾಜಿನ ಒಳಮೈಗೆ ಒಂದು ಅಂಗೈ, ಹೊರಮೈಗೆ ಒಂದು ಅಂಗೈ ಒತ್ತಿ ಮೇಲಕ್ಕೆ ಜಗ್ಗಬೇಕು. ಗಾಜಿನ ಕೆಳಅಂಚು ಒಂದು ಲೋಹದ ಚಾನೆಲ್ಲಿನಲ್ಲಿ, ರಬ್ಬರ್ ಪಟ್ಟಿಯ ಬಿಗಿಯಲ್ಲಿ ಕೂತಿರುತ್ತದೆ. ನಮ್ಮದರಲ್ಲಿ ರಬ್ಬರು ಒಣಗಿ ಗಾಜು ಸಡಿಲಾಗಿತ್ತು. ಇಳಿಸಿದರೆ ಚಾನೆಲ್ ಕೆಳಗೆ ಹೋಗುತ್ತಿತ್ತು, ಗಾಜು ಮೇಲೇ ನಿಂತಿರುತ್ತಿತ್ತು. ಏರಿಸಿದರೆ ಒಂದು ಮೂಲೆ ಮುಂದೆ ಹೋಗಿ, ಇನ್ನೊಂದು ಮೂಲೆ ಸಿಕ್ಕಿಕೊಳ್ಳುತ್ತಿತ್ತು. ಗಾಜು ಜಾರುವ ಓಣಿಯ ಫೆಲ್ಟ್ ಸವೆದು, ಅದರಲ್ಲಿ ಸೇರಿಕೊಂಡ ಮರಳು ಮೇಲಿಂದ ಕೆಳಗಿನವರೆಗೆ ಉದ್ದುದ್ದ ಗೀರು ಎಳೆದಿತ್ತು.

ಗ್ಯಾರೇಜಿನ ಮೇಸ್ತ್ರಿ ಗಾಜಿನ ಮೇಲೆ ಉಗುರು ಆಡಿಸಿ ನೋಡಿದ. "ಆಳ ಐತೆ ಸಾರ್. ಪಾಲಿಶ್ ಮಾಡಿದ್ರೆ ಗೀರು ಹೋಗ್ತದೆ, ಆದ್ರೆ ರೋಡೇ ಡೊಂಕಾಗಿ ಕಾಣ್ತದೆ. ಬದಲಾಯಿಸಿಬಿಡಿ."

"ಅದು ಒರಿಜಿನಲ್ ಗ್ಲಾಸು ಕಣಯ್ಯಾ" ಎಂದರು ದೊಡ್ಡಪ್ಪ.

"ಗೀರೂ ಒರಿಜಿನಲ್ಲೇ ಸ್ವಾಮಿ."

ದೊಡ್ಡಪ್ಪ ಆವತ್ತೆಲ್ಲ ಯಾರ ಜೊತೆಗೂ ಮಾತಾಡಲಿಲ್ಲ.

ಮರುದಿನ ಡ್ರೈವರ್ ಕಡೆಯ ಬಾಗಿಲು ಬಿಚ್ಚಿದರು. ಹ್ಯಾಂಡಲಿನ ಬುಡದ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಒಂದು ಪುಟ್ಟ ಪಿನ್ನು ಕಾಣುತ್ತದೆ. ಅದನ್ನು ತಳ್ಳಿದರೆ ಹ್ಯಾಂಡಲ್ ಕೈಗೆ ಬರುತ್ತದೆ, ಪಿನ್ನು ಮಣ್ಣಿಗೆ ಬೀಳುತ್ತದೆ, ಗ್ಯಾರೇಜಿನ ಸಮಸ್ತರೂ ಮಂಡಿಯೂರಿ ಹುಡುಕುತ್ತಾರೆ. ಆಮೇಲೆ ಡೋರ್ ಪ್ಯಾಡ್ ಕಿತ್ತರು. ಕಿಟಕಿ ಬಿಗಿಯಾಗಿದ್ದರೂ ಬಾಗಿಲೊಳಗೆ ಮಳೆನೀರು ಇಳಿಯುವುದು ತಪ್ಪುವುದಿಲ್ಲ. ಆ ನೀರು ಹೊರಗೆ ಹೋಗಲೆಂದು ತಳದಲ್ಲಿ ತೂತುಗಳಿರುತ್ತವೆ. ತೂತು ಕಟ್ಟಿಕೊಂಡರೆ ಬಾಗಿಲನ್ನು ಬುಡದಿಂದ ತುಕ್ಕು ತಿನ್ನಲು ಶುರು ಮಾಡುತ್ತದೆ. ನಮ್ಮದು ಕಟ್ಟಿಕೊಂಡದ್ದು ಯಾತರಿಂದ ಎಂದು ಮೇಸ್ತ್ರಿ ಸ್ಕ್ರೂಡ್ರೈವರಿನಲ್ಲಿ ಕೆದಕಿ, ಬೊಗಸೆಯಲ್ಲಿ ಹಿಡಿದು ತೋರಿಸಿದ. ಕಡಲೆಕಾಯಿ ಸಿಪ್ಪೆ.

ಈ ಕಾರಿನಲ್ಲಿ ತಿಂಡಿ ತಿನ್ನಬಾರದೆಂಬ ಕಾನೂನು ನಮ್ಮ ಬಾಲ್ಯವನ್ನು ಆಳಿತ್ತು. ನಂಜನಗೂಡಿಗೆ ಹೋಗುವಾಗ ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡ ತಪ್ಪಿಗೆ ನನ್ನ ತಂಗಿಯನ್ನು ಕೆಳಗಿಳಿಸಿ, ಅವಳು ಅದನ್ನು ಚೀಪಿ ಮುಗಿಸುವ ತನಕ ಕಾರು ರಸ್ತೆ ಬದಿಯಲ್ಲಿ ಕಾದಿತ್ತು. ಹಿಂದಿನ ಸೀಟಿನ ಬಾಗಿಲುಗಳನ್ನೂ ಬಿಚ್ಚಿಸಿದೆ. ಎರಡೂ ಸ್ವಚ್ಛ. ಸಿಪ್ಪೆ ಇದ್ದದ್ದು ಡ್ರೈವರ್ ಬಾಗಿಲಲ್ಲಿ ಮಾತ್ರ, ಮತ್ತು ಆ ಸೀಟಿನಲ್ಲಿ ದೊಡ್ಡಪ್ಪನನ್ನು ಬಿಟ್ಟು ಬೇರೆ ಯಾರೂ ಕೂತದ್ದಿಲ್ಲ. ಅವರು ಸಿಪ್ಪೆಯನ್ನು ಬಹಳ ಹೊತ್ತು ನೋಡಿ, "ಇಲಿ ಇರಬೇಕು" ಎಂದರು. ನಾವೆಲ್ಲ ಇಲಿಯೇ ಎಂದು ಒಪ್ಪಿದೆವು. ಒಪ್ಪದೆ ಇದ್ದರೆ ಇನ್ನೊಂದು ದಿನ ಮಾತು ಬಂದ್.

ಹೊಸ ಗಾಜಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಗಾಜು ತಾನೇ, ಅಳತೆ ಕೊಟ್ಟರೆ ಕಿಟಕಿ ಗಾಜಿನವನು ಕತ್ತರಿಸಿ ಕೊಡುತ್ತಾನಲ್ಲ ಎಂದು ಕೇಳುವವರಿಗೆ ಸ್ವಲ್ಪ ವಿವರ ಬೇಕು. ಕಾರಿನ ಪಕ್ಕದ ಕಿಟಕಿಗೆ ಹಾಕುವುದು ಟಫನ್ಡ್ ಗ್ಲಾಸ್. 1874ರಲ್ಲಿ ದ ಲಾ ಬಾಸ್ತಿ ಎಂಬ ಫ್ರೆಂಚ್ ಮಹಾಶಯ ಕೆಂಡದಂಥ ಬಿಸಿಗಾಜನ್ನು ಬೋಂಡ ಬಿಟ್ಟ ಹಾಗೆ ಎಣ್ಣೆಗೆ ಬಿಟ್ಟು ಅದನ್ನು ಗಟ್ಟಿ ಮಾಡುವ ವಿದ್ಯೆಗೆ ಪೇಟೆಂಟ್ ಪಡೆದ. ಈಗ ಎಣ್ಣೆ ಇಲ್ಲ. ಆರುನೂರು ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಎರಡೂ ಮೈಗೆ ರಭಸದ ಗಾಳಿ ಹಾಯಿಸುತ್ತಾರೆ. ಹೊರಮೈ ಮೊದಲು ಆರಿ ಬಿಗಿಯುತ್ತದೆ, ಒಳಗಿನದು ನಿಧಾನಕ್ಕೆ ಆರುತ್ತ ಅದನ್ನು ಒಳಕ್ಕೆ ಎಳೆಯುತ್ತದೆ. ಆ ಎಳೆದಾಟವೇ ಅದರ ಬಲ. ಒಡೆದರೂ ಚೂರಿಯಂಥ ಚೂರಾಗದೆ ಹರಳು ಹರಳಾಗಿ ಉದುರುತ್ತದೆ. ಆದರೆ ಒಮ್ಮೆ ಹೀಗೆ ಗಟ್ಟಿಯಾದ ಮೇಲೆ ಅದನ್ನು ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ, ಅಂಚನ್ನು ಒಂಚೂರು ಉಜ್ಜೋಣ ಎಂದರೂ ಇಡೀ ಗಾಜು ಕಾಲ ಕೆಳಗೆ ಪುಡಿ. ಆದ್ದರಿಂದ ಹಳೇ ಗಾಜನ್ನೇ ಅಚ್ಚಾಗಿ ಕೊಟ್ಟು, ಮೊದಲು ಕತ್ತರಿಸಿ, ಅಂಚು ನಯ ಮಾಡಿ, ಆಮೇಲೆ ಕುಲುಮೆಗೆ ಕಳಿಸಬೇಕು. ಪುಣ್ಯಕ್ಕೆ ಅಂಬಾಸಿಡರಿನದು ಚಪ್ಪಟೆ ಗಾಜು. ಈಗಿನ ಕಾರುಗಳ ಬಾಗಿದ ಗಾಜಾಗಿದ್ದರೆ ದೊಡ್ಡಪ್ಪನ ಜೊತೆ ನಾನೂ ವಿಂಟೇಜ್ ಆಗುತ್ತಿದ್ದೆ.

ಗಾಜು ಬಂತು. ಕೂರಿಸುವ ದಿನ ಮೇಸ್ತ್ರಿ ಗಾಜಿನ ತಂಟೆಗೇ ಹೋಗಲಿಲ್ಲ. ಮೊದಲು ಬಾಗಿಲಿನ ಹಿಂಜ್ ನೋಡಿದ. ಬಾಗಿಲು ಜೋತಿದ್ದರೆ ಗಾಜು ಎಷ್ಟು ನೆಟ್ಟಗಿದ್ದರೂ ಸೊಟ್ಟಗೇ ಕಾಣುತ್ತದೆ. ಜೋತಿತ್ತು, ಎತ್ತಿ ಬಿಗಿದ. ಹೊಸ ಫೆಲ್ಟ್ ಕೂರಿಸಿದ, ಗಾಜನ್ನು ಏರಿಸಿ ಇಳಿಸುವ ಗ್ಲಾಸ್ ಮಷೀನಿನ ಹಲ್ಲುಗಳಿಗೆ ಗ್ರೀಸು ಹಚ್ಚಿದ. ಕೆಳಗಿನ ಚಾನೆಲ್ಲಿಗೆ ಹೊಸ ರಬ್ಬರ್ ಪಟ್ಟಿ ಸುತ್ತಿ, ಸೋಪುನೀರು ಸವರಿ, ಗಾಜಿನ ಅಂಚನ್ನು ಅಂಗೈಯಿಂದ ತಟ್ಟಿ ತಟ್ಟಿ ಕೂರಿಸಿದ. ಮುಂದಿನ ತ್ರಿಕೋನದ ಪುಟ್ಟ ಕಿಟಕಿಯ ಕಂಬಿಯನ್ನು ಬಿಗಿಯದೆ ಬಿಟ್ಟ. ಮಷೀನಿನ ಸ್ಕ್ರೂಗಳನ್ನೂ ಬಿಗಿಯಲಿಲ್ಲ.

"ಎಲ್ಲಾ ಲೂಸ್ ಬಿಟ್ಟಿದ್ದೀಯಲ್ಲಪ್ಪಾ" ಎಂದೆ.

"ಈಗ್ಲೇ ಬಿಗಿದ್ರೆ ಅದು ನಮ್ ಮಾತು ಕೇಳಲ್ಲ ಸಾರ್. ತಗಡು ಬಗ್ತದೆ, ರಬ್ಬರು ಬಗ್ತದೆ, ಗ್ಲಾಸು ಬಗ್ಗಲ್ಲ. ಅದು ಎಲ್ಲಿ ನಿಲ್ತೀನಿ ಅಂತದೋ ಅಲ್ಲಿಗೆ ಮಿಕ್ಕಿದ್ದನ್ನೆಲ್ಲ ತಗೊಂಡು ಹೋಗ್ಬೇಕು."

ಗಾಜನ್ನು ಪೂರ್ತಿ ಏರಿಸಿ, ಮೇಲಿನ ಫೆಲ್ಟಿನೊಳಗೆ ಅದು ಎರಡೂ ಮೂಲೆ ಸಮನಾಗಿ ಕೂತ ಮೇಲೆ ಕಂಬಿಯ ಮೇಲಿನ ಸ್ಕ್ರೂ ಬಿಗಿದ. ಪೂರ್ತಿ ಇಳಿಸಿ ಕೆಳಗಿನದನ್ನು ಬಿಗಿದ. ಮತ್ತೆ ಏರಿಸಿದ, ಮತ್ತೆ ಇಳಿಸಿದ, ಒಂದು ಸ್ಕ್ರೂ ಕಾಲು ಸುತ್ತು ಸಡಿಲಿಸಿದ. ಎಡಬಾಗಿಲಿಗೆ ಹೋದಾಗ ಬಲದಲ್ಲಿ ಕಲಿತ ಲೆಕ್ಕ ಒಂದೂ ನಡೆಯಲಿಲ್ಲ; ಅದರ ಹಟವೇ ಬೇರೆ.

ಇದನ್ನೆಲ್ಲ ನೋಡುತ್ತ ನಿಂತ ನನ್ನ ಹೆಂಡತಿ ತಗ್ಗಿದ ದನಿಯಲ್ಲಿ, "ಒಡೆದೀತು ಅನ್ನೋ ಭಯ ಹುಟ್ಟಿಸಿಬಿಟ್ರೆ ಸಾಕು, ಮನೆಮಂದಿ ಎಲ್ಲ ಹೊಂದಿಕೊಂಡು ಹೋಗ್ತಾರೆ" ಎಂದಳು. ಅವಳ ಕಣ್ಣು ಗಾಜಿನ ಮೇಲಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಫೆಲ್ಟಿನ ಬಣ್ಣ ಮೊದಲಿನಂತಿಲ್ಲವೆಂದು ಮುಖ ಊದಿಸಿಕೊಂಡಿದ್ದ ದೊಡ್ಡಪ್ಪನ ಮೇಲಿತ್ತು. ಅವರಿಗಾಗಿ ನಾವು ಮದುವೆಯ ಮುಹೂರ್ತ ಬದಲಿಸಿದ್ದೇವೆ, ಸಾರಿಗೆ ಹಾಕುವ ಬೆಲ್ಲ ಹೆಚ್ಚಿಸಿದ್ದೇವೆ, ಇಲಿಯನ್ನು ಒಪ್ಪಿಕೊಂಡಿದ್ದೇವೆ. ಅವರು ಮಾತ್ರ ಕೂತ ಜಾಗದಿಂದ ಒಂದು ನೂಲೂ ಸರಿದಿಲ್ಲ. ಹಾಗಂತ ಅವರಿಲ್ಲದೆ ಈ ಮನೆಯ ಯಾವ ಕಾರ್ಯವೂ ಹೊರಟಿದ್ದಿಲ್ಲ.

ಕೆಲಸ ಮುಗಿಯಿತು. ಒಂದು ಬೆರಳಲ್ಲಿ ತಿರುಗಿಸಿದರೂ ಗಾಜು ಸದ್ದಿಲ್ಲದೆ ಏರಿ, ಫೆಲ್ಟಿನೊಳಗೆ ಹೊಂದಿ ನಿಲ್ಲುತ್ತಿತ್ತು. ಅಂಚಿನಲ್ಲಿ ಒಂದು ಕಾಗದ ತೂರಿಸಲೂ ಸಂದಿಲ್ಲ. ದೊಡ್ಡಪ್ಪನನ್ನು ಕೂರಿಸಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಹೊರಟೆವು. ಮಾರ್ಕ್ 3ಕ್ಕೆ ಏಸಿ ಇಲ್ಲ. ಗೇಟು ದಾಟುವ ಮೊದಲೇ ಅವರು, "ಏನೋ ಇದು, ಉಸಿರು ಕಟ್ಟುತ್ತೆ" ಎಂದು ಗಾಜನ್ನು ಪೂರ್ತಿ ಬಾಗಿಲೊಳಗೆ ಇಳಿಸಿ, ಮೊಣಕೈ ಹೊರಗೆ ಚಾಚಿದರು. ಅವತ್ತಿನಿಂದ ಆ ಗಾಜು ಮೇಲೆ ಬಂದಿಲ್ಲ, ಮಳೆಗಾಲ ಬರಬೇಕು. ನೆಂಟರು ಬಂದು ಹ್ಯಾಂಡಲಿಗೆ ಕೈ ಹಾಕಿದರೆ ಅವರೇ ತಡೆಯುತ್ತಾರೆ: "ಅದನ್ನ ಮುಟ್ಟಬೇಡಿ, ಬಹಳ ಖರ್ಚು ಮಾಡಿ ಅಲೈನ್‌ಮೆಂಟ್ ಮಾಡ್ಸಿದೀವಿ."